ಅಮೆಜಾನ್ ಯಾವಾಗ ಜಾಸ್ತಿ ಹಸಿರಾಗುತ್ತೆ, ಮನೇಲೇ ಕೂತು ನೋಡೋದು ಹೇಗೆ

ಮಳೆ ನಿಂತ್ರೆ ಕಾಡು ಬಾಡುತ್ತೆ ಅನ್ಕೊಂಡಿರ್ತೀವಲ್ಲ, ಬ್ರೆಜಿಲ್‌ನ ಸಾಂತಾರೆಮ್ ಊರಿನ ಹತ್ರ ಇರೋ ತಪಜೋಸ್ ಅನ್ನೋ ಅಮೆಜಾನ್ ಕಾಡಲ್ಲಿ ಉಲ್ಟಾ, ಬೇರು ಆಳಕ್ಕಿಳಿದು ನೀರು ಎಳ್ಕೊಳುತ್ತೆ, ಮೋಡ ಸರಿದು ಬಿಸ್ಲು ಸಿಗುತ್ತೆ, ಮರಗಳು ಹಳೇ ಎಲೆ ಉದುರ್ಸಿ ಚಿಗುರು ಬಿಡ್ತವೆ.

ಸ್ಯಾಟಲೈಟ್ ಚಿತ್ರ ತೋರ್ಸೋ ನಾಸಾ ವರ್ಲ್ಡ್‌ವ್ಯೂ ವೆಬ್‌ಸೈಟ್ ಓಪನ್ ಮಾಡಿ ಅಲ್ಲಿಗೆ ಜೂಮ್ ಮಾಡಿ, ಮೋಡಿಸ್ (ನಾಸಾ ಸ್ಯಾಟಲೈಟಲ್ಲಿರೋ ಸೆನ್ಸರ್) ಕೊಡೋ ಇವಿಐ, ಅಂದ್ರೆ ಹಸಿರು ಎಷ್ಟಿದೆ ಅಂತ ತೋರ್ಸೋ ಲೇಯರ್ ಹಾಕ್ಕೊಂಡು, ಅಲ್ಲಿ ಮಳೆ ಮುಗಿಯೋ ಜೂನ್ ಪಕ್ಕ ಮಳೆ ಕಮ್ಮಿ ಇರೋ ಅಕ್ಟೋಬರ್ ಇಟ್ಟು ನೋಡಿ. ಒಂದೇ ವರ್ಷ ನೋಡಿ ಡಿಸೈಡ್ ಮಾಡ್ಬೇಡಿ, ನಾಲ್ಕೈದು ವರ್ಷ ನೋಡಿ. ಅಲ್ಲಿನ ಮಳೆಗಾಲದ ಚಿತ್ರನ ಅಷ್ಟಾಗಿ ನಂಬ್ಬೇಡಿ, ಬರೀ ಮೋಡ.

ಇಲ್ಲೊಂದು ತಲೆನೋವಿದೆ. ಸೂರ್ಯನ ಕೋನ ಬದ್ಲಾದ್ರೂ ಸ್ಯಾಟಲೈಟಿಗೆ ಹಸಿರು ಜಾಸ್ತಿ ಆದಂಗೆ ಕಾಣುತ್ತೆ, 2014ರಲ್ಲಿ ಇದೇ ವಿಷ್ಯಕ್ಕೆ ವಿಜ್ಞಾನಿಗಳ ಮಧ್ಯೆ ಜೋರು ಜಟಾಪಟಿ ಆಯ್ತು. 2016ರಲ್ಲಿ ಕಾಡೊಳಗಿನ ಟವರ್ ಮೇಲಿನ ಕ್ಯಾಮೆರಾ ಚಿತ್ರ ಇಟ್ಕೊಂಡು, ಕಾಡು ಬಿಸ್ಲಿಂದ ಎಷ್ಟು ಊಟ ತಯಾರ್ಸುತ್ತೆ ಅನ್ನೋದಕ್ಕೆ ಎಲೆಯ ವಯಸ್ಸೇ ಮುಖ್ಯ ಅಂತ ತೋರ್ಸಿದ್ರು.

ಅದು ಅರ್ಥ ಆಗ್ಬೇಕಂದ್ರೆ ಮನೆ ಮುಂದಿನ ಮಾವಿನಮರದಲ್ಲಿ ಒಂದು ಚಿಗುರಿಗೆ ದಾರ ಕಟ್ಟಿ ವಾರಕ್ಕೊಂದು ಫೋಟೋ ತೆಗೀರಿ. ತಾಮ್ರದ ಬಣ್ಣದಲ್ಲಿ ಜೋತಾಡ್ತಿರುವಾಗ ಅದು ಊಟ ತಯಾರ್ಸೋದು ತೀರಾ ಕಮ್ಮಿ, ಬಲಿತು ಕಡುಹಸಿರಾದಾಗ ಫುಲ್ ಸ್ಪೀಡು, ಮುದಿಯಾದ್ಮೇಲೆ ಮತ್ತೆ ಇಳಿಯುತ್ತೆ.