ಹುಣಸೆಬೀಜದಲ್ಲಿ ಸಹವೇಲೆನ್ಸಿ ಬಂಧ

ಹತ್ತನೇ ತರಗತಿಗೆ ಇಂಗಾಲದ ಪಾಠ ಶುರು ಮಾಡಿದಾಗಲೆಲ್ಲ ನನಗೆ ಒಂದೇ ತಲೆನೋವು. ಸಹವೇಲೆನ್ಸಿ ಬಂಧ ಅಂದರೇನು ಅಂತ ಕೇಳಿದರೆ 'ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಳ್ಳುತ್ತವೆ' ಅಂತ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಹಂಚಿಕೊಂಡರೆ ಯಾಕೆ ಅಂಟಿಕೊಳ್ಳಬೇಕು ಅಂದರೆ ತೆಪ್ಪಗೆ ಕೂರುತ್ತಾರೆ.

ಒಂದು ವರ್ಷ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ವೃತ್ತ ಬರೆದೆ, ಅಂಚು ಒಂದರೊಳಗೊಂದು ಹೊಕ್ಕಂತೆ. ಎರಡು ಕ್ಲೋರಿನ್ ಪರಮಾಣು. ಹೊರಕವಚದಲ್ಲಿ ತಲಾ 7 ಎಲೆಕ್ಟ್ರಾನ್. ಒಂದಕ್ಕೆ ಹುಣಸೆಬೀಜ ಇಟ್ಟೆ, ಇನ್ನೊಂದಕ್ಕೆ ಅವರೆಕಾಳು. ನಡುವಿನ ಜಾಗಕ್ಕೆ ಒಂದು ಬೀಜ, ಒಂದು ಕಾಳು ಸರಿಸಿದರೆ ಎರಡೂ ಕಡೆ ಎಣಿಕೆ 8, ಹೊರಕವಚ ಭರ್ತಿ. ನಾನು ಬೀಗುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಸರ್, ಬಂಧ ಮುರಿದರೆ ಅವರೆಕಾಳು ಅದರ ಮನೆಗೇ ವಾಪಸ್ ಹೋಗುತ್ತಾ?"

ತಪ್ಪು ನನ್ನದೇ. ಎಲೆಕ್ಟ್ರಾನ್‌ಗಳಲ್ಲಿ ಇದು ಅವನದು, ಇದು ಇವನದು ಅನ್ನೋ ಗುರುತೇ ಇಲ್ಲ. ಈಗ ಬರೀ ಹುಣಸೆಬೀಜ. ಅವರೆಕಾಳು ಸಾರಿಗೆ.

ಆಮೇಲೆ ಹೈಡ್ರೋಜನ್. ಅದಕ್ಕೆ ಎಂಟು ಬೇಡ, ಎರಡು ಸಾಕು. ಇಬ್ಬರು ಹುಡುಗರನ್ನು ನ್ಯೂಕ್ಲಿಯಸ್ ಮಾಡಿ ಎದುರುಬದುರು ನಿಲ್ಲಿಸುತ್ತೇನೆ, ಮಧ್ಯೆ ಎರಡು ಬೀಜ. ಇಬ್ಬರದೂ ಧನ ಆವೇಶ, ಒಬ್ಬರನ್ನೊಬ್ಬರು ತಳ್ಳುತ್ತಾರೆ. ನಡುವಿನ ಋಣ ಆವೇಶ ಇಬ್ಬರನ್ನೂ ತನ್ನ ಕಡೆ ಎಳೆಯುತ್ತದೆ. ಜಾಸ್ತಿ ಹತ್ತಿರ ಬಂದರೆ ತಳ್ಳಾಟ ಗೆಲ್ಲುತ್ತದೆ, ದೂರ ಸರಿದರೆ ಎಳೆತ. ಎರಡೂ ಸಮ ಆಗುವ ದೂರ 74 ಪಿಕೊಮೀಟರ್ (ಮೀಟರಿನ ಲಕ್ಷಕೋಟಿಯಲ್ಲೊಂದು ಭಾಗವೇ ಪಿಕೊಮೀಟರ್). ಎಲೆಕ್ಟ್ರಾನ್ ಬೀಜದ ಹಾಗೆ ಸುಮ್ನೆ ಒಂದು ಕಡೆ ಕೂರುವುದಿಲ್ಲ, ಮೋಡದಂತೆ ಹರಡಿರುತ್ತದೆ ಅಂತಲೂ ಹೇಳಿಬಿಡುತ್ತೇನೆ. ಎಲೆಕ್ಟ್ರಾನ್ ಜೋಡಿಯ ವಿಚಾರವನ್ನು ರಸಾಯನವಿಜ್ಞಾನಿ ಲೂಯಿಸ್ 1916ರಲ್ಲೇ ಹೇಳಿದ್ದ. ಆ ಜೋಡಿ ಹೇಗೆ ಹಿಡಿದಿಡುತ್ತದೆ ಅಂತ ಕ್ವಾಂಟಮ್ ಲೆಕ್ಕದಲ್ಲಿ ತೋರಿಸಲು 1927ರಲ್ಲಿ ಹೈಟ್ಲರ್, ಲಂಡನ್ ಎಂಬ ಇಬ್ಬರು ಭೌತವಿಜ್ಞಾನಿಗಳು ಬರಬೇಕಾಯಿತು. ನಮ್ಮ ಮಕ್ಕಳು ತಡವರಿಸಿದರೆ ಏನಂತೆ, ಅಲ್ವಾ?

ಬಂಧ ಮುರಿದರೆ ಶಕ್ತಿ ಹೊರಬರುತ್ತದೆ ಅನ್ನೋ ನಂಬಿಕೆ ಮಾತ್ರ ಸುಲಭಕ್ಕೆ ಹೋಗುವುದಿಲ್ಲ. ನಿಜ ಉಲ್ಟಾ. ಒಂದು ಮೋಲ್ (ಅಣುಗಳ ಒಂದು ನಿಗದಿತ ಎಣಿಕೆ) ಹೈಡ್ರೋಜನ್‌ನ ಬಂಧ ಮುರಿಯಲು ಸುಮಾರು 436 ಕಿಲೋಜೂಲ್ ನಾವೇ ಕೊಡಬೇಕು. ಮೂರು ಜೋಡಿ ಎಲೆಕ್ಟ್ರಾನ್ ಹಂಚಿಕೊಂಡ ನೈಟ್ರೋಜನ್‌ನ ತ್ರಿಬಂಧಕ್ಕೆ ಸುಮಾರು 945. ಗಾಳಿಯಲ್ಲಿ ಶೇ. 78 ನೈಟ್ರೋಜನ್ ಇದ್ದರೂ ಆ ಬಂಧ ಮುರಿಯಲು ಗಿಡಕ್ಕೆ ಆಗದು, ನಿಮ್ಮಪ್ಪ ಯೂರಿಯಾ ಮೂಟೆ ಹೊತ್ತು ತರುವುದು ಅದಕ್ಕೇ, ಅಂದೆ.

"ನಮ್ಮಪ್ಪ ಅವರೆಗೆ ಹಾಕಲ್ಲ ಸರ್," ಅಂದ ಒಬ್ಬ.

ಮರುದಿನ ಮಣ್ಣು ಸಮೇತ ಒಂದು ಅವರೆ ಗಿಡ ನನ್ನ ಮೇಜಿನ ಮೇಲಿತ್ತು. ಬೇರಿನ ತುಂಬ ಸಣ್ಣ ಗಂಟು. ಒಂದನ್ನು ಉಗುರಲ್ಲಿ ಸೀಳಿದರೆ ಒಳಗೆ ನಸುಗೆಂಪು. ಆ ತ್ರಿಬಂಧ ಮುರಿಯುವ ಬ್ಯಾಕ್ಟೀರಿಯಾ ಇರುವುದು ಅಲ್ಲೇ.