ವಾಸನೆ ಇಲ್ಲದೆಯೂ ಮಿಡಿಯುವ ಕೋಶಗಳು: ಬಲ್ಬ್ ಸ್ಲೈಸ್‌ನ ನನ್ನ ಅನುಭವ

ಮಿದುಳಿನ ತೆಳ್ಳನೆಯ ಹೋಳು ಸ್ಲೈಸ್; ನರಕೋಶದ ವಿದ್ಯುತ್ ಮಿಡಿತಗಳು (ಸ್ಪೈಕ್‌ಗಳು) ಗುಂಪಾಗಿ ಬರುವುದು ಬರ್ಸ್ಟ್. ‘ಸ್ಲೈಸ್‌ನಲ್ಲಿ ಕಾಣುವ ಬರ್ಸ್ಟ್ ಎಲ್ಲ ಕತ್ತರಿಸಿದ ಗಾಯದ ಗದ್ದಲವಪ್ಪಾ’ ಎಂದು ನಮ್ಮ ಪ್ರಯೋಗಾಲಯದ ಹಿರಿಯರು ಹೇಳುತ್ತಲೇ ಬಂದರು. ಸಸ್ತನಿಗಳ ಆಲ್ಫ್ಯಾಕ್ಟರಿ ಬಲ್ಬ್ (ಮೂಗಿನಿಂದ ವಾಸನೆಯ ಸಂಕೇತ ಮೊದಲು ತಲುಪುವ ಮಿದುಳಿನ ಭಾಗ) ತಾನಾಗಿಯೇ ಮಿಡಿಯುತ್ತಿರುತ್ತದೆ ಎಂಬುದು 1950ರ, ಶರೀರವಿಜ್ಞಾನಿ ಏಡ್ರಿಯನ್ ಕಾಲದ ಸಂಗತಿ. ಬಲ್ಬ್‌ನ ಹೊರಭಾಗದ ಎಕ್ಸ್‌ಟರ್ನಲ್ ಟಫ್ಟೆಡ್ ಎಂಬ ನರಕೋಶಗಳು ಯಾರ ಹಂಗೂ ಇಲ್ಲದೆ ಬರ್ಸ್ಟ್ ಆಗುತ್ತವೆ ಎಂದು ಹಯಾರ್ ತಂಡ 2004ರಲ್ಲೇ ತೋರಿಸಿತ್ತು. ಆದರೆ ನಮ್ಮ ರಿಗ್‌ನಲ್ಲಿ (ದಾಖಲಿಸುವ ಉಪಕರಣದಲ್ಲಿ) ಬರದಿದ್ದರೆ ಯಾರು ನಂಬುತ್ತಾರೆ? ಈಗ ಬರುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರಂತೆ ಹೋಲ್‌ಸೆಲ್ ಹಿಡಿದೆವು, ಎಂದರೆ ಗಾಜಿನ ಪಿಪೆಟ್ ಅಂಟಿಸಿ, ಕೋಶದ ಪೊರೆ ಒಡೆದು ಒಳಗಿನಿಂದ ದಾಖಲಿಸುವ ವಿಧಾನ. ಪೊರೆ ಒಡೆದ ಕೆಲವು ನಿಮಿಷ ಸೊಗಸಾಗಿರುತ್ತಿತ್ತು. ಆಮೇಲೆ ಬರ್ಸ್ಟ್‌ಗಳು ವಿರಳವಾಗಿ, ಕೊನೆಗೆ ಬಿಡಿ ಸ್ಪೈಕ್‌ಗಳು ಉಳಿಯುತ್ತಿದ್ದವು. ಪಿಪೆಟ್ ದ್ರವ ಕೋಶದೊಳಗಿನದನ್ನು ತೊಳೆದುಹಾಕುತ್ತಿದೆ ಎಂಬುದು ನನ್ನ ಗುಮಾನಿ. ಪೊರೆ ಒಡೆಯುವುದನ್ನೇ ಬಿಟ್ಟೆ. 5–6 ಮೆಗಾಓಮ್ ಪಿಪೆಟ್, ಸಡಿಲವಾದ ಸೀಲ್ (ಪಿಪೆಟ್ ತುದಿ ಪೊರೆಗೆ ಅಂಟುವ ಹಿಡಿತ), ಅಷ್ಟೇ. ಒಂದೇ ಕೋಶ ಹೆಚ್ಚು ಹೊತ್ತು ಸಿಗತೊಡಗಿತು.

ದುಡ್ಡು ತಿಂದದ್ದು ಬೇರೆ ಎರಡು. ಸ್ಟೀಲ್ ಬ್ಲೇಡ್ ಗ್ಲೊಮೆರುಲಸ್ ಪದರವನ್ನು (ಘ್ರಾಣ ನರದ ಎಳೆಗಳು ಬಲ್ಬ್‌ನ ಕೋಶಗಳನ್ನು ಸೇರುವ ಗುಂಡು ಗಂಟುಗಳ ಪದರ) ಜಜ್ಜುತ್ತಿತ್ತು. ಸೆರಾಮಿಕ್‌ಗೆ ಹೋದೆವು, ಒಂದಕ್ಕೆ ಸುಮಾರು 500 ರೂಪಾಯಿ. ಸ್ಲೈಸ್ ಇಡುವ ಚೇಂಬರನ್ನು 30 ಡಿಗ್ರಿಯಲ್ಲಿಡುವ ವಿದೇಶಿ ಹೀಟರ್‌ಗೆ ಲಕ್ಷದ ಮೇಲೆ ಹೇಳಿದರು. ಸ್ಟೀಲ್ ಕೊಳವೆಗೆ ನೈಕ್ರೋಮ್ ತಂತಿ ಸುತ್ತಿ, 12 ವೋಲ್ಟ್ ಬೈಕ್ ಬ್ಯಾಟರಿಗೆ ಜೋಡಿಸಿದೆ. ಎರಡು–ಮೂರು ಸಾವಿರದಲ್ಲಿ ಮುಗಿಯಿತು, ಮನೆ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯೂ ಇಲ್ಲ. ಹೀಟರ್ ಆರಿಸಿದರೆ ಲಯ ನಿಧಾನವಾಗುತ್ತದೆ, ಹಾಕಿದರೆ ಚುರುಕಾಗುತ್ತದೆ. ಒಂದು ಮಧ್ಯಾಹ್ನವಿಡೀ ಬರೀ ಇದನ್ನೇ ಆಡಿಕೊಂಡು ಕುಳಿತಿದ್ದೆ.

ಕತ್ತರಿಸುವಾಗ ಸುಕ್ರೋಸ್ ದ್ರಾವಣ ಮಂಜಿನಂತೆ ತಣ್ಣಗಿರಬೇಕು, ಅಡ್ಡ ಸೀಳಿನ ದಪ್ಪ 350 ಮೈಕ್ರಾನ್ ಆಸುಪಾಸು. ಬಲ್ಬನ್ನು ಯಾವ ಓರೆಯಲ್ಲಿ ಅಂಟಿಸಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬಂದು ಕಾಫಿ ಕುಡಿಸಿದವರಿಗೆ ತೋರಿಸುತ್ತೇನೆ.

ತೆರೆಯ ಮೇಲೆ ನಾಲ್ಕೈದು ಸ್ಪೈಕ್‌ಗಳು ಒತ್ತೊತ್ತಾಗಿ ಏಳುತ್ತವೆ, ಒಂದಕ್ಕಿಂತ ಮುಂದಿನದು ತುಸು ಗಿಡ್ಡ. ಆಮೇಲೆ ಸಪಾಟು ಗೆರೆ, ಮತ್ತೆ ಗುಂಪು. ಸೆಕೆಂಡಿಗೆ ಎರಡು–ಮೂರು ಗುಂಪು, ಕೆಲವು ಕೋಶಗಳಲ್ಲಿ ಇನ್ನೂ ಹೆಚ್ಚು. ಕೋಶಗಳ ನಡುವಿನ ಸಂಕೇತಗಳನ್ನು ತಡೆಯುವ ಸಿಎನ್‌ಕ್ಯೂಎಕ್ಸ್, ಎಪಿವಿ, ಗ್ಯಾಬಜಿನ್ ಮೂರನ್ನೂ ಹರಿಸಿದೆ. ಗ್ಯಾಬಜಿನ್ ಬೆಲೆ ನೆನೆದರೆ ಈಗಲೂ ಕೈ ನಡುಗುತ್ತದೆ. ಬರ್ಸ್ಟ್ ನಿಲ್ಲಲಿಲ್ಲ, ಬದಲಿಗೆ ಇನ್ನಷ್ಟು ನಿಯತವಾಯಿತು. ಕೋಶದೊಳಕ್ಕೆ ಬಿಡದೆ ಹರಿಯುವ ಸೋಡಿಯಂ ಪ್ರವಾಹವನ್ನು ತಗ್ಗಿಸುವ ರಿಲುಜೋಲ್ ಔಷಧವನ್ನು 10 ಮೈಕ್ರೋಮೋಲಾರ್ ಹಾಕಿದ ಮೇಲೆ ಗುಂಪುಗಳು ಕರಗಿಹೋದವು. ಬರ್ಸ್ಟ್ ಈ ನಿರಂತರ ಸೋಡಿಯಂ ಪ್ರವಾಹದ ಕೈವಾಡ ಎನ್ನಲು ನನಗೆ ಅಷ್ಟು ಸಾಕು.

ನಡುವೆ ಒಬ್ಬ ವಿದ್ಯಾರ್ಥಿ ಎರಡನೆಯ ಪಿಪೆಟ್ ಇಳಿಸೋಣ ಎಂದ. ಒಂದೇ ಗ್ಲೊಮೆರುಲಸ್‌ಗೆ ಸೇರಿದ ಎರಡು ಕೋಶಗಳು ಜೊತೆಯಾಗಿ ಬರ್ಸ್ಟ್ ಆದವು. ಪಕ್ಕದ ಗ್ಲೊಮೆರುಲಸ್‌ನದು ತನ್ನ ಪಾಡಿಗೆ ತಾನಿತ್ತು. ಘ್ರಾಣ ನರದ ಪದರವನ್ನು ವಿದ್ಯುತ್ತಿನಿಂದ 5 ಹರ್ಟ್ಸ್‌ನಲ್ಲಿ ಚುಚ್ಚಿದಾಗ, ಎಂದರೆ ಇಲಿ ಮೂಸುವ ವೇಗದಲ್ಲಿ, ಕೋಶ ತನ್ನ ಲಯ ಬಿಟ್ಟು ಇದನ್ನೇ ಹಿಂಬಾಲಿಸಿತು. ಬಲ್ಬ್‌ನ ಇನ್ನೊಂದು ಬಗೆಯ ಮೈಟ್ರಲ್ ಕೋಶಗಳ ಮೇಲೂ ಒಂದು ಕೈ ನೋಡಿದೆ. ಅವುಗಳ ಮಿಡಿತ ಹೆಚ್ಚು ಚದುರಿದ್ದು, ಅದನ್ನು ಅಲ್ಲಿಗೇ ಬಿಟ್ಟೆ.

ಹಿರಿಯರು ದಾಖಲೆಗಳನ್ನೆಲ್ಲ ನೋಡಿ, ‘ಗಾಯ ಅಲ್ಲ ಬಿಡು, ಆದರೆ ರಿಲುಜೋಲ್ ತೊಳೆದ ಮೇಲೆ ಬರ್ಸ್ಟ್ ಮರಳುವುದನ್ನು ತೋರಿಸು’ ಎಂದಿದ್ದಾರೆ. ಅದಕ್ಕೆ ಮುಕ್ಕಾಲು ಗಂಟೆಯಾದರೂ ಬೇಕು. ಅಷ್ಟರಲ್ಲಿ ಸೀಲ್ ಹೋಗುತ್ತಿದೆ.