ತರಂಗಂಬಾಡಿಗೆ ನಾನು ಹೋದದ್ದು ಮೊಳೆಗಳಿಗಾಗಿ

ಇಪ್ಪತ್ತು ವರ್ಷ ಅಚ್ಚುಕೂಟದಲ್ಲಿ ಮೊಳೆ, ಅಂದರೆ ಒಂದೊಂದು ಅಕ್ಷರದ ಸೀಸದ ಅಚ್ಚು, ಜೋಡಿಸಿದ ಕೈ ನನ್ನದು. ತಮಿಳುನಾಡಿನ ಕರಾವಳಿಯ ತರಂಗಂಬಾಡಿಯಲ್ಲಿ ಮುನ್ನೂರು ವರ್ಷದ ಹಿಂದೆಯೇ ತಮಿಳು ಮೊಳೆ ಎರಕ ಹೊಯ್ದಿದ್ದರು ಎಂದು ಓದಿದಾಗಿನಿಂದ ಆ ಊರು ನೋಡುವ ಹಂಬಲ ಹತ್ತಿತ್ತು. ಹೋದ ಚಳಿಗಾಲದಲ್ಲಿ ಹೆಂಡತಿಯೊಂದಿಗೆ ಹೊರಟೆ.

ಮೈಲಾಡುತುರೈವರೆಗೆ ರೈಲು, ಅಲ್ಲಿಂದ ಬಸ್ಸು. ಮೊದಲ ದಿನ ನಡುಮಧ್ಯಾಹ್ನ ನೇರ ಕೋಟೆಗೆ ಹೋಗಿ ತಪ್ಪು ಮಾಡಿದೆವು. ಬಿಸಿಲಿಗೆ ಇವಳಿಗೆ ತಲೆ ಸುತ್ತಿ, ಕಾಲು ಗಂಟೆಗೇ ವಾಪಸ್. ಮರುದಿನ ಬೆಳಿಗ್ಗೆ ಆರೂವರೆಗೆ ಊರಬಾಗಿಲಿಂದ ಶುರುಮಾಡಿದೆವು. ನೀವೂ ಹಾಗೇ ಮಾಡಿ. 1792ರ ಬಿಳಿ ಹೆಬ್ಬಾಗಿಲು ದಾಟಿದರೆ ರಾಜಬೀದಿ ಕಡಲ ಕಡೆಗೇ ಒಯ್ಯುತ್ತದೆ.

ಡ್ಯಾನ್ಸ್‌ಬೋರ್ಗ್ ಕೋಟೆ ಶುರುವಾದದ್ದು 1620ರಲ್ಲಿ. ಮೆಣಸಿನ ವ್ಯಾಪಾರಕ್ಕೆ ಬಂದ ಡೆನ್ಮಾರ್ಕಿನ ಓವೆ ಗ್ಯೆಡ್ಡೆ ತಂಜಾವೂರಿನ ರಘುನಾಥ ನಾಯಕನಿಂದ ಈ ಜಾಗ ಪಡೆದ. 1845ರಲ್ಲಿ ಡೇನರು ಇದನ್ನೂ ಬಂಗಾಳದ ಸೆರಾಂಪುರವನ್ನೂ ಸೇರಿಸಿ ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷರಿಗೆ ಮಾರಿಬಿಟ್ಟರು. ಕೆಳಗಿನ ಕಮಾನು ಕೋಣೆಗಳು ತಂಪಾಗಿವೆ. ಇವಳು ಅಲ್ಲೇ ಗೋಡೆಗೆ ಬೆನ್ನು ಕೊಟ್ಟು ಕೂತಳು.

ನನ್ನ ಜೀವವೆಲ್ಲ ರಾಜಬೀದಿಯ ನ್ಯೂ ಜೆರುಸಲೇಂ ಚರ್ಚಿನಲ್ಲಿತ್ತು. 1718ರದು. ಮುಂಗೋಡೆಯ ಮೇಲೆ ಡೇನರ ದೊರೆಯ ಕಿರೀಟಮುದ್ರೆ. ಒಳಗೆ ಜೀಗನ್‌ಬಾಲ್ಗ್ ಸಮಾಧಿ. 1706ರಲ್ಲಿ ಬಂದ ಈ ಜರ್ಮನ್ ಪಾದ್ರಿ ತಮಿಳು ಕಲಿತು ಬೈಬಲಿನ ಹೊಸ ಒಡಂಬಡಿಕೆಯನ್ನು ಆ ಭಾಷೆಗೆ ತಂದ. ಜರ್ಮನಿಯ ಹಾಲೆಯಲ್ಲಿ ಎರಕ ಹೊಯ್ದ ತಮಿಳು ಮೊಳೆ 1713ರಲ್ಲಿ ಬಂದಿಳಿದವು. ಆದರೆ ಅಕ್ಷರ ತೀರಾ ದಪ್ಪ. ಮೊಳೆ ದಪ್ಪವಾದರೆ ಏನಾಗುತ್ತದೆಂದು ಜೋಡಿಸಿದವರಿಗೆ ಗೊತ್ತು: ಒಂದು ಸಾಲಿಗೆ ಮೂರೇ ಪದ, ಪುಟದ ಮೇಲೆ ಪುಟ, ಕಾಗದ ಸಾಲುವುದೇ ಇಲ್ಲ. ಪಾದ್ರಿಯ ಮಿಷನ್ನಿನವರು ಕೈಚೆಲ್ಲಲಿಲ್ಲ, ಇಲ್ಲೇ ಸಣ್ಣ ಮೊಳೆ ಎರಕ ಹೊಯ್ದು ಅಚ್ಚು ಮುಂದುವರಿಸಿದರು. ತಮಿಳಿನಂತೆ ನಮ್ಮ ಲಿಪಿಯಲ್ಲೂ ಸುರುಳಿ ಜಾಸ್ತಿ; ಸಣ್ಣ ಮೊಳೆಯಲ್ಲಿ ಸುರುಳಿಯೊಳಗೆ ಮಸಿ ತುಂಬಿ ಅಕ್ಷರ ಕಪ್ಪು ಚುಕ್ಕೆಯಾಗುವುದನ್ನು ಎಷ್ಟು ಸಲ ಸೂಜಿಯಿಂದ ಬಿಡಿಸಿದ್ದೇನೋ! ಸಮಾಧಿಯ ಮುಂದೆ ಆ ಎರಕದವರನ್ನು ನೆನೆದು ಕೈ ಮುಗಿದೆ.

ಕಡಲಂಚಿನ ಮಾಸಿಲಾಮಣಿನಾಥರ್ ಗುಡಿ ತಪ್ಪಿಸಬೇಡಿ. 1306ರ ಪಾಂಡ್ಯರ ಕಾಲದ್ದು, ಮುಂಭಾಗವನ್ನು ಕಡಲು ಆಗಲೇ ನುಂಗಿದೆ.

ವಾಪಸ್ ಬರುವಾಗ ಪಕ್ಕದ ಪೊರೈಯಾರಿನಲ್ಲಿ ಇಳಿದು ಚಹಾ ಕುಡಿದೆವು. ಸಣ್ಣ ಮೊಳೆ ಮಾಡಿಕೊಂಡರೂ ಕಾಗದ ಸಾಲದೆ, ಮಿಷನ್ನಿನವರು ಕಾಗದದ ಗಿರಣಿ ಹಾಕಿದ ಊರದು.